ಎಲೆಯ ಲೆಕ್ಕವನ್ನು ಇಡುವವರಾರು?

ಬೆಳ್ತಂಗಡಿಯ ಕಡೆಯ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳೊಡನೆ ಕೆಲಹೊತ್ತು ಕಳೆಯುವ ಅವಕಾಶವು ಈಚೆಗೆ ನಮಗೆ ಒದಗಿತ್ತು. “ಸಸ್ಯಗಳು ತಮ್ಮ ಆಹಾರವನ್ನು ಹೇಗೆ ತಯಾರಿಸಿಕೊಳ್ಳುತ್ತವೆ?” ಎಂದು ಕೇಳಿದೆವು. ಹತ್ತಾರು ಕೈಗಳು ಮೇಲೆದ್ದವು. ಎದ್ದು ನಿಂತ ಹುಡುಗನೊಬ್ಬನು ದ್ಯುತಿಸಂಶ್ಲೇಷಣೆಯ ಲಕ್ಷಣವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು. ಅದರ ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದೂ ತೋರಿಸಿದನು. ಅದೇ ಸಂಜೆ ಅವನ ಮನೆಯ ಅಡಿಕೆ ತೋಟದ ಅಂಚಿನಲ್ಲಿ ನಿಂತು, “ಈ ಮರ ಏನನ್ನು ತಿಂದು ಬೆಳೆಯುತ್ತದೆ?” ಎಂದು ಕೇಳಿದಾಗ, ಅವನು ಕ್ಷಣವೂ ತಡೆಯದೆ “ಗೊಬ್ಬರ” ಎಂದುಬಿಟ್ಟನು.

ಹುಡುಗನನ್ನು ನಾವು ದೂರಲಾರೆವು. ಅವನು ಹೇಳಿದುದು ಅವನ ತಂದೆಯ ಮಾತು, ಅಜ್ಜನ ಮಾತು, ನಮ್ಮೆಲ್ಲರ ಮಾತು. “ಗಿಡಕ್ಕೆ ಊಟ ಹಾಕಬೇಕು” ಎಂದು ಹೇಳಿಕೊಂಡೇ ನಾವು ಬುಡಕ್ಕೆ ಸೊಪ್ಪು, ಹಟ್ಟಿಗೊಬ್ಬರಗಳನ್ನು ಹಾಕುತ್ತೇವೆ. ಶಾಲೆಯಲ್ಲಿ ಕಲಿತ ವಿಷಯವು ಶಾಲೆಯಲ್ಲಿಯೇ ಉಳಿಯುತ್ತದೆ, ತೋಟದಲ್ಲಿ ಕೇಳಿದ ಮಾತು ತೋಟದಲ್ಲಿ ಉಳಿಯುತ್ತದೆ. ಒಂದೇ ತಲೆಯಲ್ಲಿ ಎರಡು ತಿಳಿವಳಿಕೆಗಳು ನೆರೆಮನೆಯವರಂತೆ ವಾಸಿಸುತ್ತಿದ್ದರೂ ಒಂದರ ಮುಖವನ್ನೊಂದು ನೋಡುವುದಿಲ್ಲ.

ಇದು ಪರೀಕ್ಷೆಯ ಅಂಕಗಳ ಮಾತಾಗಿದ್ದರೆ ನಾವು ಈ ವಿಷಯವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಾವಿರಾರು ಮನೆಗಳು ಅಡಿಕೆಯನ್ನು ನಂಬಿ ಬದುಕುತ್ತಿವೆ. ಆ ಮರದ ಎಲೆಗೇ ಈಗ ರೋಗ ತಗುಲಿದೆ. ಎಲೆಯೆಂದರೆ ಏನೆಂಬುದು ಸರಿಯಾಗಿ ತಿಳಿಯದವನಿಗೆ ಆ ರೋಗದ ಅರ್ಥವೂ ತಿಳಿಯಲಾರದು. ಆದುದರಿಂದ ನಮ್ಮ ಮಕ್ಕಳು ಎಲೆಯನ್ನು ಪುಸ್ತಕದ ಚಿತ್ರದಲ್ಲಲ್ಲದೆ ತೋಟದಲ್ಲಿಯೇ ಓದಲು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮಣ್ಣು ಕೊಟ್ಟುದೆಷ್ಟು?

“ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆ” ಎಂಬ ನಂಬಿಕೆಯು ನಮ್ಮದಷ್ಟೇ ಅಲ್ಲ. ಯೂರೋಪಿನ ಪಂಡಿತರೂ ಶತಮಾನಗಳ ಕಾಲ ಅದನ್ನೇ ನಂಬಿದ್ದರು. ಅದನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿದವನು ವಾನ್ ಹೆಲ್ಮಾಂಟ್. ಅವನು ಒಂದು ಕುಂಡದಲ್ಲಿ 200 ಪೌಂಡು ಒಣಮಣ್ಣನ್ನು ತುಂಬಿ, 5 ಪೌಂಡು ತೂಕದ ವಿಲೋ ಸಸಿಯೊಂದನ್ನು ನೆಟ್ಟು, ಐದು ವರ್ಷಗಳ ಕಾಲ ನೀರನ್ನು ಮಾತ್ರ ಎರೆದನು. ಕೊನೆಯಲ್ಲಿ ತೂಗಿದಾಗ ಮರವು 169 ಪೌಂಡು ಮೀರಿತ್ತು. ಮಣ್ಣಿನಲ್ಲಿ ಕಡಿಮೆಯಾದುದು ಸುಮಾರು 2 ಔನ್ಸು ಮಾತ್ರ! ಈ ಪ್ರಯೋಗದ ವರದಿಯು ಅವನ ಮರಣಾನಂತರ 1648ರಲ್ಲಿ ಪ್ರಕಟವಾಯಿತು. ಮರವು ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದುದು ಪೂರ್ಣ ಸರಿಯಲ್ಲ. ಗಾಳಿಯೂ ಪಾಲುದಾರನೆಂಬುದು ಅವನಿಗೆ ಹೊಳೆಯಲಿಲ್ಲ. ಆದರೆ ಮರವು ಮಣ್ಣಿನಿಂದ ಆದುದಲ್ಲವೆಂಬ ಅವನ ಮಾತು ಇಂದಿಗೂ ನಿಂತಿದೆ.

ಉಳಿದ ಕಥೆಯು ಮುಂದಿನ ಶತಮಾನದಲ್ಲಿ ಬೇಗ ಬೇಗನೆ ತೆರೆದುಕೊಂಡಿತು. ಮೊಂಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವು ಮತ್ತೆ ಸರಿಪಡಿಸಬಲ್ಲುದೆಂಬುದನ್ನು 1771ರಲ್ಲಿ ಪ್ರೀಸ್ಟ್ಲಿ ಕಂಡನು. ಆ ಕೆಲಸ ನಡೆಯುವುದು ಬೆಳಕಿನಲ್ಲಿ ಮಾತ್ರ, ಅದೂ ಹಸುರು ಭಾಗಗಳಲ್ಲಿ ಮಾತ್ರ, ಎಂಬುದನ್ನು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದನು. ಇಂಗಾಲದ ಡೈಆಕ್ಸೈಡು ಮತ್ತು ನೀರು ಇವೆರಡೂ ಗಿಡದ ತೂಕದೊಳಗೆ ಸೇರುತ್ತವೆಂಬುದನ್ನು 1804ರಲ್ಲಿ ಡಿ ಸೊಸ್ಯೂರ್ ಅಳೆದು ಹೇಳಿದನು.

ಈ ಲೆಕ್ಕವನ್ನು ನಮ್ಮ ತೋಟಕ್ಕೆ ತರೋಣ. ಬಂಟವಾಳ ತಾಲ್ಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಅದು ಈಗ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಗಿದೆ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಕೆಂಬುದು ಅಲ್ಲಿಯ ತಜ್ಞರ ಶಿಫಾರಸು. ಜೊತೆಗೆ 12 ಕಿಲೋಗ್ರಾಂ ಹಸುರು ಸೊಪ್ಪು ಮತ್ತು ಅಷ್ಟೇ ಕಾಂಪೋಸ್ಟು. ಮೂರು ಪೋಷಕಗಳನ್ನು ಕೂಡಿಸಿದರೆ 280 ಗ್ರಾಂ! ಅದೇ ಮರವು ಅದೇ ವರ್ಷದಲ್ಲಿ ಆರೇಳು ಸೋಗೆಗಳನ್ನು ಬೆಳೆಸಿ ಉದುರಿಸುತ್ತದೆ, ಗೊನೆಗಳನ್ನು ತುಂಬಿಸುತ್ತದೆ, ಕಾಂಡವನ್ನು ಎತ್ತರಿಸುತ್ತದೆ. 280 ಗ್ರಾಮಿನಿಂದ ಇಷ್ಟೆಲ್ಲವೂ ಆಗಲು ಸಾಧ್ಯವೆ?

ಸೊಪ್ಪು, ಕಾಂಪೋಸ್ಟುಗಳಲ್ಲಿ ತೂಕವುಂಟಲ್ಲ, ಎಂದು ನಮ್ಮ ವಾಚಕರು ಕೇಳಬಹುದು. ಆ ತೂಕದ ಬಹುಭಾಗವು ನೀರು ಮತ್ತು ಇಂಗಾಲದ ಸಂಯುಕ್ತಗಳು. ಮಣ್ಣಿನ ಸೂಕ್ಷ್ಮಜೀವಿಗಳು ಆ ಸಂಯುಕ್ತಗಳನ್ನು ಕೊಳೆಯಿಸಿದಾಗ ಇಂಗಾಲದ ಬಹುಪಾಲು ಡೈಆಕ್ಸೈಡಾಗಿ ಗಾಳಿಗೆ ಸೇರುತ್ತದೆ. ಬೇರು ಅದನ್ನು ಆಹಾರವಾಗಿ ಉಣ್ಣುವುದಿಲ್ಲ. ಒಣಗಿದ ಸಸ್ಯದ ತೂಕವನ್ನು ನೂರು ಭಾಗ ಮಾಡಿದರೆ ಸುಮಾರು 45 ಭಾಗ ಇಂಗಾಲ. ಅದು ಬಂದುದು ಗಾಳಿಯಿಂದ. ಇನ್ನುಳಿದುದರಲ್ಲಿ ಹೆಚ್ಚಿನದು ಆಮ್ಲಜನಕ ಮತ್ತು ಜಲಜನಕ. ಅವು ಬಂದುದು ಗಾಳಿ ನೀರುಗಳಿಂದ. ಮಣ್ಣಿನಿಂದ ಬಂದ ಖನಿಜಗಳು ಕೆಲವೇ ಭಾಗ. ಸೋಗೆಯನ್ನು ಸುಟ್ಟಾಗ ಉಳಿಯುವ ಒಂದು ಹಿಡಿ ಬೂದಿಯೇ ಅದಕ್ಕೆ ಸಾಕ್ಷಿ.

ಹಾಗಾದರೆ ಗೊಬ್ಬರ ಬೇಡವೆ? ಖಂಡಿತವಾಗಿ ಬೇಕು. ಎಲೆಗೆ ಹಸುರು ಬಣ್ಣವನ್ನು ಕೊಡುವ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಮ್ ಕುಳಿತಿದೆ, ಅದರ ಸುತ್ತ ಸಾರಜನಕವಿದೆ. ಇವು ಮಣ್ಣಿನಿಂದಲೇ ಬರಬೇಕು. ಆದರೆ ಅವು ಆಹಾರವಲ್ಲ, ಆಹಾರವನ್ನು ಮಾಡುವ ಯಂತ್ರದ ಭಾಗಗಳು. ಗೊಬ್ಬರವನ್ನು ಹಾಕುವುದು ಮರದ ಹೊಟ್ಟೆಗಲ್ಲ, ಎಲೆಯನ್ನು ಕಟ್ಟುವುದಕ್ಕೆ. ಈ ವ್ಯತ್ಯಾಸವನ್ನು ತಿಳಿದವನು ಬುಡವನ್ನು ನೋಡಿದ ಮೇಲೆ ತಲೆಯನ್ನೂ ಎತ್ತಿ ನೋಡುತ್ತಾನೆ.

ಎಲೆಯ ಒಳಗೆ

ಎಲೆಯನ್ನು “ಗಿಡದ ಅಡುಗೆಮನೆ” ಎಂದು ಕರೆಯುವುದು ನಮ್ಮ ಪಠ್ಯಪುಸ್ತಕಗಳ ವಾಡಿಕೆ. ಹೋಲಿಕೆ ಸುಲಭವಾದುದಾದರೂ ಅರ್ಧ ಮಾತ್ರ ಸರಿ. ಅಡುಗೆಮನೆಯಲ್ಲಿ ಅಕ್ಕಿ ಅನ್ನವಾಗುತ್ತದೆ. ಎಲೆಯಲ್ಲಿ ಗಾಳಿಯೇ ಅಕ್ಕಿಯಾಗುತ್ತದೆ. ಮೊದಲಿನದು ಬೇಯಿಸುವ ಕೆಲಸ, ಎರಡನೆಯದು ಇಲ್ಲದುದನ್ನು ನಿರ್ಮಿಸುವ ಕೆಲಸ. ಭೂಮಿಯ ಮೇಲೆ ಹಸುರು ಸಸ್ಯ, ಪಾಚಿ ಹಾಗೂ ಕೆಲವು ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಸೂರ್ಯನ ಬೆಳಕಿನಿಂದ ಇದನ್ನು ಮಾಡಬಲ್ಲವರು ಬೇರೆ ಯಾರೂ ಇಲ್ಲ.

ಈ ಕೆಲಸಕ್ಕೆ ಎಲೆಯು ಎಷ್ಟು ಚೆನ್ನಾಗಿ ಅಣಿಯಾಗಿದೆಯೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಮನೆಯಂಗಳದ ಹಲಸಿನ ಎಲೆಯೊಂದನ್ನು ಕಿತ್ತುಕೊಳ್ಳಿ. ಮೇಲ್ಭಾಗವು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಕೆಳಭಾಗ ಮಂಕಾಗಿದೆ. ಹೊಳಪು ಮೇಣದಂತಹ ಪದರದ್ದು. ಅದು ಒಳಗಿನ ನೀರು ಆರಿ ಹೋಗದಂತೆ ಕಾಯುತ್ತದೆ. ಅದರ ಕೆಳಗೆ ಬಣ್ಣವಿಲ್ಲದ ತೆಳುವಾದ ಹೊರಪದರ. ಬೆಳಕು ಗಾಜಿನ ಮೂಲಕ ಬಂದಂತೆ ಅದರ ಮೂಲಕ ಒಳಗಿಳಿಯುತ್ತದೆ.

ಹೊರಪದರದ ಅಡಿಯಲ್ಲಿ ಉದ್ದನೆಯ ಕೋಶಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿವೆ. 1430ರಲ್ಲಿ ಕಟ್ಟಲಾದ ಮೂಡುಬಿದಿರೆಯ ಸಾವಿರಕಂಬದ ಬಸದಿಯನ್ನು ನೋಡಿದವರಿಗೆ ಈ ಸ್ತಂಭಕೋಶಗಳ ಸಾಲನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪ್ರತಿಯೊಂದು ಕೋಶದಲ್ಲಿಯೂ ಹತ್ತಾರು ಹರಿತ್ಕಣಗಳುಂಟು. ಪತ್ರಹರಿತ್ತು ಇರುವುದು ಇವುಗಳಲ್ಲಿಯೇ. ಬೆಳಕು ಹದವಾಗಿದ್ದಾಗ ಅವು ಹರಡಿಕೊಳ್ಳುತ್ತವೆ; ಬಿಸಿಲು ಅತಿಯಾದಾಗ ಕೋಶದ ಪಕ್ಕದ ಗೋಡೆಗಳಿಗೆ ಸರಿದು ಒಂದರ ಹಿಂದೊಂದು ಅಡಗುತ್ತವೆ.

ಅದಕ್ಕೂ ಕೆಳಗಿನ ಕೋಶಗಳು ಸಡಿಲವಾಗಿ, ಸ್ಪಂಜಿನಂತೆ ನಡುವೆ ತೆರವು ಬಿಟ್ಟು ಹರಡಿವೆ. ಆ ತೆರವುಗಳು ಗಾಳಿಯಾಡುವ ಓಣಿಗಳು. ಓಣಿಗಳ ಬಾಗಿಲುಗಳೇ ಪತ್ರರಂಧ್ರಗಳು. ಹಲಸಿನ ಎಲೆಯಲ್ಲಿ ಅವು ಇರುವುದು ನೆರಳಿನ ಬದಿಯಾದ ಕೆಳಭಾಗದಲ್ಲಿ ಮಾತ್ರ. ಕೆರೆಯಲ್ಲಿ ತೇಲುವ ತಾವರೆ, ನೈದಿಲೆಗಳ ಎಲೆಯಲ್ಲಾದರೋ ಕೆಳಭಾಗವು ನೀರಿಗೆ ತಾಗಿರುವುದರಿಂದ ರಂಧ್ರಗಳು ಮೇಲ್ಭಾಗದಲ್ಲಿರುತ್ತವೆ. ಗಾಳಿ ಎತ್ತಲುಂಟೋ ಬಾಗಿಲೂ ಅತ್ತಲೇ ಉಂಟು.

ಎಲೆಯ ನರಗಳೆಂದು ನಾವು ಕರೆಯುವ ಗೆರೆಗಳು ಎರಡು ಬಗೆಯ ನಾಳಗಳ ಕಟ್ಟುಗಳು. ಒಂದು ಬಗೆಯವು ಬೇರಿನಿಂದ ನೀರನ್ನು ತರುತ್ತವೆ. ಇನ್ನೊಂದು ಬಗೆಯವು ತಯಾರಾದ ಸಕ್ಕರೆಯನ್ನು ಬೇಡಿಕೆಯಿರುವ ಕಡೆಗೆ ಒಯ್ಯುತ್ತವೆ: ಚಿಗುರಿಗೆ, ಬೇರಿಗೆ, ಕಾಯಿಗೆ.

ಒಳಗೆ ನಡೆಯುವ ಕೆಲಸವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಮೊದಲು, ಪತ್ರಹರಿತ್ತು ಹಿಡಿದ ಬೆಳಕಿನ ಶಕ್ತಿಯಿಂದ ನೀರು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ. ನಾವು ಉಸಿರಾಡುವ ಆಮ್ಲಜನಕವು ಇಂಗಾಲದ ಡೈಆಕ್ಸೈಡಿನದಲ್ಲ, ನೀರಿನದು, ಎಂಬುದನ್ನು 1941ರಲ್ಲಿ ರೂಬೆನ್, ಕೇಮನ್ ಮತ್ತು ಅವರ ಸಂಗಡಿಗರು ಭಾರವಾದ ಆಮ್ಲಜನಕವನ್ನು ಗುರುತಾಗಿ ಬಳಸಿ ತೋರಿಸಿದರು. ಆಮೇಲೆ, ಹೀಗೆ ದೊರೆತ ಶಕ್ತಿಯಿಂದ ಡೈಆಕ್ಸೈಡಿನ ಇಂಗಾಲವು ಹಂತಹಂತವಾಗಿ ಸಕ್ಕರೆಯಾಗುತ್ತದೆ. ಆ ಹಂತಗಳನ್ನು ಬಿಡಿಸಿ ತೋರಿಸಿದುದಕ್ಕಾಗಿ ಮೆಲ್ವಿನ್ ಕ್ಯಾಲ್ವಿನರಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಒಂದೇ ಹಲಸಿನ ಮರದಲ್ಲಿ ತುದಿಯ ಬಿಸಿಲಿನ ಎಲೆಯನ್ನೂ ಒಳಗಿನ ನೆರಳಿನ ಎಲೆಯನ್ನೂ ತಂದು ಹೋಲಿಸಿ ನೋಡಿದರೆ ಇನ್ನೊಂದು ಪಾಠವುಂಟು. ಬಿಸಿಲಿನ ಎಲೆ ದಪ್ಪ, ನೆರಳಿನ ಎಲೆ ತೆಳು. ಬೆಳಕು ಹೆಚ್ಚಿರುವಲ್ಲಿ ಸ್ತಂಭಕೋಶಗಳು ಹೆಚ್ಚು. ಕಡಿಮೆಯಿರುವಲ್ಲಿ ಎಲೆ ತೆಳ್ಳಗೆ ಹರಡಿಕೊಂಡು ದೊರೆತಷ್ಟನ್ನು ಹಿಡಿಯುತ್ತದೆ. ಅಡಿಕೆಯ ಕೆಳಗೆ ಕೋಕೋ ಬೆಳೆಯಲು ಸಾಧ್ಯವಾದುದು ಈ ಗುಣದಿಂದಲೇ. ಮೇಲೆ ಅಡಿಕೆಯ ಮಂಡೆ, ಕಾಂಡದ ಮೇಲೆ ಕರಿಮೆಣಸಿನ ಬಳ್ಳಿ, ಕೆಳಗೆ ಕೋಕೋ: ಒಂದೇ ಬಿಸಿಲನ್ನು ಮೂರು ಬಗೆಯ ಎಲೆಗಳು ಹಂಚಿಕೊಳ್ಳುತ್ತವೆ. ಮಿಶ್ರಬೆಳೆಯೆಂದರೆ ಬೆಳಕಿನ ಮಿತವ್ಯಯ.

ಬಾಗಿಲು ತೆರೆಯುವ ಕಷ್ಟ

ಎಲೆಯ ಜೀವನದಲ್ಲಿ ಒಂದು ದೊಡ್ಡ ಇಕ್ಕಟ್ಟುಂಟು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಇರುವುದು ಹತ್ತು ಸಾವಿರ ಭಾಗಕ್ಕೆ ನಾಲ್ಕು ಭಾಗದಷ್ಟು ಮಾತ್ರ. ಅದನ್ನು ಪಡೆಯಲು ರಂಧ್ರ ತೆರೆಯಬೇಕು. ತೆರೆದೊಡನೆ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವು ಹೀಗೆ ಖರ್ಚಾಗುತ್ತದೆ. ರಂಧ್ರದ ಎರಡು ಕಡೆಗಳಲ್ಲಿರುವ ಕಾವಲು ಕೋಶಗಳು ನೀರು ತುಂಬಿಕೊಂಡಾಗ ಬಾಗಿ ಬಾಗಿಲನ್ನು ತೆರೆಯುತ್ತವೆ, ಸೊರಗಿದಾಗ ಮುಚ್ಚುತ್ತವೆ.

ನಮ್ಮ ನಾಡಿನಲ್ಲಿ ಈ ಇಕ್ಕಟ್ಟು ಋತುವಿನೊಡನೆ ಬದಲಾಗುತ್ತದೆ. ಆಷಾಢದಲ್ಲಿ ನೀರು ಬೇಕಾದಷ್ಟು, ಆದರೆ ಮೋಡ ಕವಿದು ಬೆಳಕಿಗೆ ಬರ. ಏಪ್ರಿಲ್ ತಿಂಗಳಲ್ಲಿ ಬೆಳಕು ಬೇಕಾದಷ್ಟು, ಆದರೆ ನೇತ್ರಾವತಿಯ ಮರಳು ಕಾಣಿಸಿಕೊಳ್ಳುವ ಹೊತ್ತಿಗೆ ತೋಟದ ನೀರಿಗೆ ಬರ. ಏಣೆಲು, ಸುಗ್ಗಿ, ಕೊಳಕೆಯೆಂದು ನಮ್ಮ ಹಿರಿಯರು ಭತ್ತದ ಬೆಳೆಗಳನ್ನು ಮೂರು ಕಾಲಗಳಿಗೆ ಹಂಚಿದುದರ ಹಿಂದೆಯೂ ನೀರು ಬೆಳಕುಗಳ ಈ ಜಗ್ಗಾಟವೇ ಇದೆ. ಬೇಸಗೆಯಲ್ಲಿ ಅಡಿಕೆಗೆ ನೀರು ಬಿಡುವುದೆಂದರೆ ದಾಹ ತೀರಿಸುವುದಷ್ಟೇ ಅಲ್ಲ. ಎಲೆಯ ಬಾಗಿಲುಗಳನ್ನು ತೆರೆದಿರಿಸುವುದು. ನೀರು ತಪ್ಪಿದ ದಿನ ಬಾಗಿಲು ಮುಚ್ಚುತ್ತದೆ, ಬಾಗಿಲು ಮುಚ್ಚಿದ ದಿನ ದುಡಿಮೆಯಿಲ್ಲ.

ಈ ಇಕ್ಕಟ್ಟಿಗೆ ಬೇರೊಂದು ಪರಿಹಾರವನ್ನು ಕಂಡುಕೊಂಡ ಗಿಡವೂ ನಮ್ಮಲ್ಲಿಯೇ ಉಂಟು. ಮೂಡುಬಿದಿರೆಯ ಸೋನ್ಸ್ ಫಾರ್ಮ್ ಅನಾನಸಿಗೆ ಹೆಸರಾದ ತೋಟ. ಈ ಅನಾನಸು ಹಗಲಿನ ಬಿಸಿಲಿನಲ್ಲಿ ರಂಧ್ರಗಳನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಒಳಬಂದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ಅದನ್ನು ಬಿಡಿಸಿ ಸಕ್ಕರೆ ಮಾಡುತ್ತದೆ. ಕಾಡುಬಸಳೆಯೂ ಇದೇ ಜಾಡಿನದು. ಅದರ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿದವನು ಬೆಂಜಮಿನ್ ಹೇಯ್ನೆ. ಅವನು ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡಿದ್ದವನು. ಈ ವಿಷಯವನ್ನು ತಿಳಿಸಿದ ಅವನ ಪತ್ರವು ಲಂಡನ್ನಿನ ಲಿನೀಯನ್ ಸಂಘದ ಪತ್ರಿಕೆಯಲ್ಲಿ 1815ರಲ್ಲಿ ಪ್ರಕಟವಾಯಿತು. ಯಂತ್ರಗಳಿಲ್ಲದೆ, ಗಮನವೊಂದರಿಂದಲೇ ಆದ ಶೋಧವಿದು. ನಮ್ಮ ವಿದ್ಯಾರ್ಥಿಗಳು ಎಲೆಯನ್ನು ಬಾಯಿಗೆ ಹಾಕಬೇಕಾಗಿಲ್ಲ. ಬೆಳಗ್ಗೆ ಮತ್ತು ಸಂಜೆ ಅದರ ರಸವನ್ನು ಪಿ.ಎಚ್. ಕಾಗದಕ್ಕೆ ತಾಗಿಸಿ ಹೋಲಿಸಿದರೆ ಸಾಕು.

ಸೋಗೆಗೂ ಗೊನೆಗೂ ಇರುವ ನಂಟು

ಈಗ ಮುಖ್ಯ ಮಾತಿಗೆ ಬರೋಣ. ಫಲ ಕೊಡುವ ಅಡಿಕೆ ಮರದ ಮಂಡೆಯಲ್ಲಿ ಒಂದು ಹೊತ್ತಿಗೆ ಸುಮಾರು ಎಂಟರಿಂದ ಹನ್ನೆರಡು ಸೋಗೆಗಳಿರುತ್ತವೆ. ಒಂದೊಂದು ಸೋಗೆಯ ಕಂಕುಳಲ್ಲಿಯೂ ಒಂದೊಂದು ಹಿಂಗಾರದ ಮೊಳಕೆ ಅಡಗಿರುತ್ತದೆ. ಸೋಗೆ ಹಣ್ಣಾಗಿ ಹಾಳೆ ಕಳಚಿ ಬಿದ್ದ ಮೇಲೆಯೇ ಆ ಹಿಂಗಾರವು ಬೆಳಕು ಕಾಣುವುದು. ತಾಯಿ ಸರಿದ ಮೇಲೆ ಮಗು ಮುಖ ತೋರಿಸುತ್ತದೆ. ಆ ಮೇಲೆ ಕಾಯಿಯನ್ನು ತುಂಬಿಸುವುದು ಮೇಲೆ ಉಳಿದ ಸೋಗೆಗಳ ದುಡಿಮೆ. ಅಂದರೆ ಸೋಗೆಯ ಸಂಖ್ಯೆಯು ಗೊನೆಯ ಸಂಖ್ಯೆಯನ್ನು ನಿರ್ಣಯಿಸುತ್ತದೆ. ಸೋಗೆಯ ಆರೋಗ್ಯವು ಗೊನೆಯ ತೂಕವನ್ನು ನಿರ್ಣಯಿಸುತ್ತದೆ.

ಇಷ್ಟಾಗಿಯೂ ನಮ್ಮ ತೋಟಗಳಲ್ಲಿ ಲೆಕ್ಕವಿರುವುದು ಗೊನೆಗೆ. ಸೋಗೆಗೆ ಲೆಕ್ಕ ಹುಟ್ಟುವುದು ಅದು ಸತ್ತ ಮೇಲೆ: ಹಾಳೆಯಿಂದ ಮುಟ್ಟಾಳೆ, ಹಾಳೆಯಿಂದ ಊಟದ ತಟ್ಟೆ, ಸೋಗೆಯಿಂದ ಮಾಡಿನ ಹೊದಿಕೆ. ಬದುಕಿದ್ದಾಗ ಅದು ಮಾಡುವ ಕೆಲಸಕ್ಕೆ ಬೆಲೆ ಕಟ್ಟಿದವರು ಕಡಿಮೆ.

ಇದಕ್ಕೆ ಕಾರಣವೂ ಇಲ್ಲದಿಲ್ಲ. ನಮ್ಮ ಹಳೆಯ ಶತ್ರುವಾದ ಕೊಳೆರೋಗವು ಬೀಳುತ್ತಿದ್ದುದು ಮುಖ್ಯವಾಗಿ ಕಾಯಿಯ ಮೇಲೆ. ಫ್ರಾನ್ಸಿನಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ಪ್ರಕಟಿಸಿದ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವು ನಮ್ಮ ಅಡಿಕೆಯನ್ನೂ ಉಳಿಸಿತು. ಮೈಸೂರಿನಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಮಳೆಗಾಲಕ್ಕೆ ಮುನ್ನ ಗೊನೆಗೆ ಔಷಧಿ ಹೊಡೆಯುವುದು ರೂಢಿಯಾಯಿತು. ರೈತನ ಕಣ್ಣು ಗೊನೆಯ ಮೇಲೆ ನೆಲೆಸಿತು.

ಆದರೆ ಈಗ ಬಂದಿರುವುದು ಎಲೆಚುಕ್ಕಿ ರೋಗ. ಹಿಂದೆಯೂ ಅಲ್ಲಲ್ಲಿ ಇದ್ದ ಈ ರೋಗವು ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಲ್ಲಿ ತೀವ್ರವಾಗಿ ಹಬ್ಬಿ, 2022ರ ಹೊತ್ತಿಗೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡು ಬೆಳೆಗಾರರನ್ನು ಕಂಗೆಡಿಸಿತು. ಮುಖ್ಯ ಕಾರಣ ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ. ಮೊದಲು ಕೆಳಗಿನ ಸೋಗೆಗಳಲ್ಲಿ ಹಳದಿ ಅಂಚಿನ ಸಣ್ಣ ಕಂದು ಚುಕ್ಕೆಗಳು. ಆಮೇಲೆ ಚುಕ್ಕೆಗಳು ಕೂಡಿಕೊಂಡು ಗರಿಗಳು ಸುಟ್ಟಂತೆ ಒಣಗುತ್ತವೆ. ಮಳೆಯ ಹನಿಯೂ ಗಾಳಿಯೂ ಅದರ ಬೀಜಕಣಗಳನ್ನು ಮರದಿಂದ ಮರಕ್ಕೆ ದಾಟಿಸುತ್ತವೆ.

ಎಲೆಯ ಮೇಲಿನ ಒಂದು ಚುಕ್ಕೆಯೆಂದರೇನು? ಅಷ್ಟು ಜಾಗದಲ್ಲಿ ಹೊರಪದರ, ಸ್ತಂಭಕೋಶ, ಹರಿತ್ಕಣಗಳೆಲ್ಲವೂ ಸತ್ತಿವೆ ಎಂದರ್ಥ. ಬಿಸಿಲು ಮೊದಲಿನಂತೆಯೇ ಬೀಳುತ್ತದೆ, ಹಿಡಿಯುವವರಿಲ್ಲ. ಗೊಬ್ಬರ ಮೊದಲಿನಂತೆಯೇ ಬುಡದಲ್ಲಿದೆ; ಕಟ್ಟುವವರಿಲ್ಲ. ಗೊನೆ ಇಂದು ತುಂಬಿರುವುದನ್ನು ಕಂಡು “ಈ ವರ್ಷ ಫಸಲಿಗೇನೂ ಆಗಿಲ್ಲ” ಎಂದು ಸಮಾಧಾನಪಡುವುದು ಅಪಾಯಕರ. ಮುಂದಿನ ವರ್ಷದ ಹಿಂಗಾರಗಳು ಇಂದಿನ ಸೋಗೆಗಳ ಕಂಕುಳಲ್ಲಿವೆ. ಇಂದು ಸುಟ್ಟ ಎಲೆಯ ಸಾಲವನ್ನು ಮರವು ನಾಳೆ, ನಾಳಿದ್ದು ತೀರಿಸುತ್ತದೆ.

ಆಗ ಗಾಬರಿಯಾದವನು ಎರಡು ತಪ್ಪುಗಳನ್ನು ಮಾಡಬಹುದು. ಇಳುವರಿ ಇಳಿಯಿತೆಂದು ಬುಡಕ್ಕೆ ಮತ್ತಷ್ಟು ಗೊಬ್ಬರ ಸುರಿಯುವುದು ಒಂದು. ಚುಕ್ಕೆ ಕಂಡ ಸೋಗೆಗಳನ್ನೆಲ್ಲ ವಿವೇಚನೆಯಿಲ್ಲದೆ ಕಡಿದು ಮಂಡೆಯನ್ನು ಬೋಳಿಸುವುದು ಇನ್ನೊಂದು. ತೀವ್ರವಾಗಿ ರೋಗ ತಗುಲಿದ ಸೋಗೆಗಳನ್ನು ತೆಗೆದು ಸುಡಬೇಕು, ಶಿಲೀಂಧ್ರನಾಶಕವನ್ನು ಗೊನೆಗಷ್ಟೇ ಅಲ್ಲದೆ ಎಲೆಗೂ ತಾಗುವಂತೆ ಸಿಂಪಡಿಸಬೇಕು, ಎಂಬುದು ತಜ್ಞರ ಸಲಹೆ. ಎಷ್ಟು ಕಡಿಯಬೇಕು, ಎಷ್ಟು ಉಳಿಸಬೇಕು? ರೋಗದ ಬೀಜಕಣ ಹಾಗೂ ಉಳಿದ ಹಸುರು, ಎರಡನ್ನೂ ತೂಗಿ ನೋಡಬೇಕು. ಹಸುರಿನ ಬೆಲೆ ತಿಳಿಯದವನು ಆ ತಕ್ಕಡಿಯನ್ನು ಹಿಡಿಯುವುದು ಹೇಗೆ?

ಕೂಡಿಟ್ಟ ದುಡಿಮೆ

ಎಲೆಯ ದುಡಿಮೆ ಎಷ್ಟು ದೊಡ್ಡದೆಂಬುದಕ್ಕೆ ಮೂಡುಬಿದಿರೆಯ ಜೈನ ಮಠದ ಗ್ರಂಥಭಂಡಾರವು ನಮಗೊಂದು ಸಾಕ್ಷಿಯನ್ನು ನೆನಪಿಸುತ್ತದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಉಳಿದು ಬಂದುದು ಅಲ್ಲಿಯ ತಾಳೆಗರಿಗಳಲ್ಲಿ. ಹಿಂದೆ ಇಂತಹ ಬರೆಹಕ್ಕೆ ಬಳಸುತ್ತಿದ್ದ ಶ್ರೀತಾಳೆಯ ಜೀವನವು ವಿಚಿತ್ರವಾದುದು. ಅದು ಮೂವತ್ತು ನಲ್ವತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹೂ ಬಿಡದೆ ಎಲೆಗಳಿಂದಲೇ ದುಡಿಯುತ್ತದೆ. ದುಡಿದುದನ್ನು ಪಿಷ್ಟವಾಗಿ ಕಾಂಡದಲ್ಲಿ ಕೂಡಿಡುತ್ತದೆ. ಕೊನೆಗೊಮ್ಮೆ ಬೃಹತ್ತಾದ ಹೂಗೊಂಚಲನ್ನು ಎತ್ತಿ, ಲೆಕ್ಕವಿಲ್ಲದಷ್ಟು ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ಅಕ್ಕಿ ದೊರೆಯದ ದಿನಗಳಲ್ಲಿ ಅದರ ತಿರುಳಿನ ಹಿಟ್ಟನ್ನು ನಮ್ಮ ಹಿರಿಯರು ಉಂಡದ್ದುಂಟು. ಅವರು ಉಂಡದ್ದು ದಶಕಗಳ ಬಿಸಿಲನ್ನು.

ಅದು ಹೂ ಬಿಡುವುದು ಅಪಶಕುನವೆಂದು ಬಗೆದು ಬೀಜವಾಗುವ ಮೊದಲೇ ಕಡಿದುಹಾಕಿದುದೂ ಉಂಟು. ಮರದ ಲೆಕ್ಕವನ್ನು ಓದಲು ಬಾರದಿದ್ದುದರಿಂದ, ಅದು ತನ್ನ ಜೀವಮಾನದ ಗಳಿಕೆಯನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊತ್ತಿನಲ್ಲಿ ನಾವು ಕೊಡಲಿ ಎತ್ತಿದೆವು. ಅಜ್ಞಾನವು ಯಾವಾಗಲೂ ಸುಮ್ಮನೆ ಕುಳಿತಿರುವುದಿಲ್ಲ. ಕೆಲವೊಮ್ಮೆ ಅದರ ಕೈಯಲ್ಲಿ ಆಯುಧವೂ ಇರುತ್ತದೆ.

ಆಗಬೇಕಾದುದೇನು?

ನಮ್ಮ ಸೂಚನೆ ದೊಡ್ಡದೇನಲ್ಲ. ಈ ಸೀಮೆಯ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ದ್ಯುತಿಸಂಶ್ಲೇಷಣೆಯ ಪಾಠವು ಕೋಣೆಯೊಳಗೆ ಆರಂಭವಾಗಿ ತೋಟದಲ್ಲಿ ಮುಗಿಯಲಿ.

ಮೊದಲನೆಯದಾಗಿ, ಪಿಷ್ಟದ ಪರೀಕ್ಷೆ. ದಾಸವಾಳದ ಗಿಡವನ್ನು ಒಂದೆರಡು ದಿನ ಕತ್ತಲಲ್ಲಿಟ್ಟು, ಒಂದು ಎಲೆಯ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿ ಬಿಸಿಲಿಗಿಡಿ. ಸಂಜೆ ಆ ಎಲೆಯನ್ನು ಕುದಿನೀರಿನಲ್ಲಿ ಅದ್ದಿ, ಆಮೇಲೆ ಸ್ಪಿರಿಟ್ಟಿನಲ್ಲಿ ಬಣ್ಣ ತೆಗೆದು, ಅಯೋಡಿನ್ ಹನಿಸಿ. ಬಿಸಿಲು ಕಂಡ ಅರ್ಧ ನೀಲಿಗಪ್ಪಾಗುತ್ತದೆ, ಮುಚ್ಚಿದ ಅರ್ಧ ಆಗುವುದಿಲ್ಲ. ಸ್ಪಿರಿಟ್ಟಿನ ಪಾತ್ರೆಯನ್ನು ಬೆಂಕಿಯ ಮೇಲೆ ಇಡಬಾರದು. ಒಲೆಯಿಂದ ಇಳಿಸಿದ ಬಿಸಿನೀರಿನೊಳಗೆ ಇಟ್ಟು, ಅಧ್ಯಾಪಕರ ಎದುರಿನಲ್ಲಿಯೇ ಮಾಡಬೇಕು. ಎಲೆಚುಕ್ಕಿ ತಗುಲಿದ ಗರಿಯೊಂದರ ಹಸುರನ್ನೂ ಹೀಗೆಯೇ ಚುಕ್ಕೆಯೊಡನೆ ಹೋಲಿಸಿ ನೋಡಲು ಯತ್ನಿಸಬಹುದು.

ಎರಡನೆಯದಾಗಿ, ರಂಧ್ರಗಳ ಅಚ್ಚು. ಉಗುರಿಗೆ ಹಚ್ಚುವ ಬಣ್ಣವಿಲ್ಲದ ಪಾಲಿಷನ್ನು ಹಲಸಿನ ಎಲೆಯ ಎರಡೂ ಬದಿಗೆ ತೆಳುವ್ಯಾಗಿ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎಬ್ಬಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿಲುಗಳನ್ನು ಎಣಿಸಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಎಲೆಯ ದಿನಚರಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲಿಯೋ ನೆರೆಯಲ್ಲಿಯೋ ಒಂದು ಅಡಿಕೆ ಮರವನ್ನು ತನ್ನದೆಂದು ಆರಿಸಿಕೊಳ್ಳಲಿ. ಜೂನ್ ತಿಂಗಳಿಂದ ಮಾರ್ಚಿನವರೆಗೆ ತಿಂಗಳಿಗೊಮ್ಮೆ ಅದರ ಸೋಗೆಗಳೆಷ್ಟು, ಬಿದ್ದುವೆಷ್ಟು, ಚುಕ್ಕೆ ತಗುಲಿದುವೆಷ್ಟು, ಹೊಸ ಹಿಂಗಾರಗಳೆಷ್ಟು ಎಂದು ಬರೆದಿಡಲಿ. ಮುಂದಿನ ತರಗತಿಯವರು ಅದೇ ಮರವನ್ನು ಮುಂದುವರಿಸಲಿ. ನಾಲ್ಕೈದು ವರ್ಷಗಳಲ್ಲಿ ಊರಿನ ಎಲೆಗಳ ಚರಿತ್ರೆಯೊಂದು ಸಿದ್ಧವಾಗುತ್ತದೆ. ರೋಗ ಯಾವ ತಿಂಗಳಲ್ಲಿ, ಯಾವ ದಿಕ್ಕಿನಿಂದ, ಎಂತಹ ತೋಟಕ್ಕೆ ಮೊದಲು ಬಂದಿತೆಂಬುದನ್ನು ಅದರಿಂದ ತಿಳಿಯಬಹುದು. ವಿಟ್ಲದ ವಿಜ್ಞಾನಿಗಳೂ ಅಂತಹ ಪುಸ್ತಕವನ್ನು ಕಡೆಗಣಿಸಲಾರರೆಂದು ನಮ್ಮ ನಂಬಿಕೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಪಾಠಗಳ ಹೊರೆ ಹೆಚ್ಚು, ಪರೀಕ್ಷೆ ಹತ್ತಿರ, ಪ್ರಯೋಗಶಾಲೆಯಿಲ್ಲ, ಎಂದು ಅಧ್ಯಾಪಕರು ಹೇಳಬಹುದು. ಹೊರೆಯ ಮಾತು ನಿಜ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ತಿಂಗಳಿಗೊಮ್ಮೆ ಮರದ ಕೆಳಗೆ ನಿಂತು ತಲೆಯೆತ್ತಿ ಎಣಿಸಲು ಕಾಲು ಗಂಟೆ ಸಾಕು. ಆ ಪ್ರಯೋಗಶಾಲೆಗೆ ಮಾಡೂ ಬೇಡ, ಬೀಗವೂ ಬೇಡ.

“ರೈತನಿಗೆ ಅನುಭವವಿದೆ, ಪುಸ್ತಕದ ವಿದ್ಯೆಯೇಕೆ?” ಎಂಬ ಇನ್ನೊಂದು ಮಾತುಂಟು. ರೈತನ ಅನುಭವಕ್ಕೆ ನಾವು ತಲೆಬಾಗುತ್ತೇವೆ. ಇಳಿಬಿಸಿಲು ಎಳೆಯ ಕಾಂಡವನ್ನು ಸುಡುತ್ತದೆಂದು ತಿಳಿದು ಸೋಗೆಯನ್ನು ಕಟ್ಟಿದವನು ಅವನು. ಬೆಟ್ಟದ ಸೊಪ್ಪಿನ ಬೆಲೆಯನ್ನು ವಿಜ್ಞಾನಿಗಿಂತ ಮೊದಲೇ ಅರಿತು ಕುಮ್ಕಿ ನೆಲವನ್ನು ಕಾಪಾಡಿಕೊಂಡವನು ಅವನು. ಆದರೆ ಅನುಭವವೆಂಬುದು ಹಿಂದೆ ಕಂಡುದರ ಸಾರ. ಈ ಪ್ರಮಾಣದಲ್ಲಿ ಎಲೆ ಸುಡುವುದನ್ನು ಅಜ್ಜ ಕಂಡಿರಲಿಲ್ಲ. ಅಜ್ಜ ಕಾಣದುದಕ್ಕೆ ಅಜ್ಜನ ಅನುಭವದಲ್ಲಿ ಉತ್ತರವಿರದು. ಅಲ್ಲಿ ಕಾರಣವನ್ನು ಅರಿತ ತಿಳಿವಳಿಕೆಯೊಂದೇ ಆಸರೆ. ಅದನ್ನು ಮನೆಗೆ ಒಯ್ಯಬೇಕಾದವರು ಶಾಲೆಗೆ ಹೋಗುವ ಮಕ್ಕಳೇ.

ನಾವು ಮೊದಲು ಹೇಳಿದ ಆ ಹುಡುಗನ ವಿಷಯವನ್ನು ಮುಗಿಸಬೇಕು. ಅವನಿಗೆ ವಾನ್ ಹೆಲ್ಮಾಂಟನ ಕುಂಡದ ಕಥೆಯನ್ನು ಹೇಳಿ, ಗೊಬ್ಬರದ 280 ಗ್ರಾಂ ಲೆಕ್ಕವನ್ನು ಮುಂದಿಟ್ಟೆವು. ಅವನು ಸ್ವಲ್ಪ ಹೊತ್ತು ಬುಡವನ್ನೇ ನೋಡುತ್ತಿದ್ದನು. ಆಮೇಲೆ ತಲೆಯೆತ್ತಿ, ಮರದ ಮಂಡೆಯತ್ತ ಕಣ್ಣು ನೆಟ್ಟು, ಬೆರಳು ಮಡಿಸುತ್ತ ಎಣಿಸತೊಡಗಿದನು. “ಒಂಬತ್ತು ಉಂಟು. ಕೆಳಗಿನ ಎರಡರಲ್ಲಿ ಚುಕ್ಕೆ ಬಿದ್ದಿದೆ” ಎಂದನು.

ಲೆಕ್ಕವು ಆರಂಭವಾಗಬೇಕಾದುದು ಅಲ್ಲಿಂದಲೇ.